ತಮ್ಮಾ, ಗೋಲಿಗೆ ಶಾಸನ ಇರುವುದಿಲ್ಲ

ತಮ್ಮಾ, ನಿಮ್ಮಜ್ಜನ ಟ್ರಂಕಿನ ತಳದಲ್ಲಿ ಸಿಕ್ಕ ತಗಡಿನ ಡಬ್ಬಿಯ ಫೋಟೊ ಕಳಿಸಿ, ‘ಕಾಕಾ, ಈ ಗೋಲಿಗೆ ಎಷ್ಟ್ ರೊಕ್ಕಾ ಬರಬಹುದು?’ ಎಂದು ಕೇಳಿದ್ದೀಯ. ಯಾವುದೋ ದೇಶದಲ್ಲಿ ಹಳೇ ಗಾಜಿನ ಗುಂಡೊಂದು ಲಕ್ಷಗಟ್ಟಲೆಗೆ ಹೋದ ವಿಡಿಯೊ ನೋಡಿದ್ದೀಯಂತೆ. ಆ ಪ್ರಶ್ನೆಯನ್ನು ಮೊದಲೇ ಮುಗಿಸಿಬಿಡುತ್ತೇನೆ. ಫೋಟೊದಲ್ಲಿ ಕಾಣುವ ಗೋಲಿಗಳಿಗೆ ಹೆಚ್ಚೇನೂ ಬರುವುದಿಲ್ಲ. ಮಾರುವ ಆಸೆಯಷ್ಟೇ ಇದ್ದರೆ ಡಬ್ಬಿ ಮುಚ್ಚಿ ಇದ್ದಲ್ಲೇ ಇಡು. ಕೂಡಿಸುವ ಮನಸ್ಸಿದ್ದರೆ ಮುಂದೆ ಓದು. ಹೇಳಬೇಕಾದದ್ದು ಬಹಳ ಇದೆ.

ನಮ್ಮದು ಕಲ್ಲೂ ಸಾಕ್ಷಿ ಹೇಳುವ ಸೀಮೆ. ಇಟಗಿ ಈಗ ಕುಕನೂರು ತಾಲ್ಲೂಕಿಗೆ ಸೇರಿದೆ, ನಾವು ಶಾಲೆಗೆ ಹೋಗುವಾಗ ನಮ್ಮ ಯಲಬುರ್ಗಾ ತಾಲ್ಲೂಕಿನದೇ ಆಗಿತ್ತು. ಅಲ್ಲಿನ ಮಹಾದೇವ ದೇವಾಲಯವನ್ನು 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದನೆಂದು ಅಲ್ಲಿಯ ಶಾಸನವೇ ಹೇಳುತ್ತದೆ. ‘ದೇವಾಲಯ ಚಕ್ರವರ್ತಿ’ ಎಂಬ ಬಿರುದೂ ಅದರಲ್ಲೇ ಇದೆ. ನಮ್ಮೂರು ಯಲಬುರ್ಗಾ ಎರಂಬರಗೆ ಎಂಬ ಹೆಸರಿನಲ್ಲಿ ಸಿಂದ ಅರಸರ ರಾಜಧಾನಿಯಾಗಿತ್ತು ಎಂಬುದೂ ಶಾಸನಗಳಿಂದ ತಿಳಿದ ಸಂಗತಿ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಬಂಡೆಯ ಮೇಲೆ ಅಶೋಕನ ಬರಹ ಇದೆ. ಕಿನ್ನಾಳದ ಚಿತ್ರಗಾರರು ಮಾಡಿದ ಬೊಂಬೆಗೆ ಅದರ ಊರಿನ ಹೆಸರೇ ಹೆಸರು. ಗೋಲಿಗೆ ಇದ್ಯಾವುದರ ಭಾಗ್ಯವೂ ಇಲ್ಲ. ಅದನ್ನು ಮಾಡಿದವನು ಹೆಸರು ಕೊರೆಯಲಿಲ್ಲ, ಕಾರ್ಖಾನೆಯವನು ಮುದ್ರೆ ಒತ್ತಲಿಲ್ಲ, ಇಸವಿಯಂತೂ ಇಲ್ಲವೇ ಇಲ್ಲ. ಪೊಟ್ಟಣದಿಂದ, ಚೀಲದಿಂದ ಹೊರಬಿದ್ದ ಗಳಿಗೆಯಿಂದ ಅದು ಅನಾಥ. ಆದ್ದರಿಂದ ಗೋಲಿ ಕೂಡಿಸುವವನು ಮೊದಲು ಕೊಳ್ಳಬೇಕಾದದ್ದು ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ಕು. ಗೋಲಿ ಆಮೇಲೆ.

ಬರೆಯುವುದು ಹೇಗೆಂದು ಹೇಳುವ ಮುಂಚೆ ಗಾಜಿನ ಗೋಲಿಯ ವಂಶಾವಳಿ ಒಂದಿಷ್ಟು ಗೊತ್ತಿರಲಿ, ಇಲ್ಲದಿದ್ದರೆ ಯಾರು ಏನು ಹೇಳಿದರೂ ತಲೆಯಾಡಿಸುತ್ತೀಯ. ಜರ್ಮನಿಯ ಥುರಿಂಗಿಯಾ ಪ್ರಾಂತದಲ್ಲಿ ಲೌಶಾ ಎಂಬ ಗಾಜಿನ ಕೆಲಸದ ಊರಿದೆ. 1840ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ಗೋಲಿ ಮಾಡಲೆಂದೇ ಒಂದು ಕತ್ತರಿ ಹುಟ್ಟಿತು. ಅದರ ಒಂದು ಬಾಯಿಗೆ ಸಣ್ಣ ಬಟ್ಟಲು. ಕಾದು ಮೆತ್ತಗಾದ ಗಾಜಿನ ಕೋಲನ್ನು ಆ ಬಟ್ಟಲಿಗೆ ಕೊಟ್ಟು, ತಿರುವಿ, ಕತ್ತರಿಸಿದರೆ ಗುಂಡು ಸಿದ್ಧ. ಕೋಲಿನೊಳಗೆ ಮೊದಲೇ ಬಣ್ಣದ ಎಳೆಗಳನ್ನು ಇಟ್ಟಿರುತ್ತಿದ್ದರು. ತಿರುವಿದಾಗ ಅವು ಗೋಲಿಯ ಹೊಟ್ಟೆಯಲ್ಲಿ ಜಡೆ ಹೆಣೆದಂತೆ ಸುತ್ತಿಕೊಳ್ಳುತ್ತಿದ್ದವು. ಕೆಲವಕ್ಕೆ ಒಳಗೆ ಬಿಳಿ ಎಳೆಯ ಬಲೆ, ಕೆಲವಕ್ಕೆ ಪಟ್ಟಿ, ಕೆಲವಕ್ಕೆ ತಾಮ್ರದ ಹೊಳಪಿನ ಪುಡಿ. ಇನ್ನು ಕೆಲವು ತಿಳಿಗಾಜಿನ ದೊಡ್ಡ ಗೋಲಿಗಳ ಒಳಗೆ ನಾಯಿ, ಕೋಳಿ, ಕುರಿಯಂಥ ಪುಟ್ಟ ಬಿಳಿ ಮೂರ್ತಿಗಳನ್ನು ಕೂಡಿಸುತ್ತಿದ್ದರು. ಜಗತ್ತಿನ ಸಂಗ್ರಾಹಕರು ಹಣ ಸುರಿಯುವುದು ಬಹುಮಟ್ಟಿಗೆ ಈ ಕೈಗೋಲಿಗಳಿಗೆ.

ಇವುಗಳ ಗುರುತು ತಲೆಯಲ್ಲಿ ಇಟ್ಟುಕೋ. ಕೋಲಿನಿಂದ ಬೇರೆ ಮಾಡಿದ ಕಡೆ ಒರಟು ಕಲೆ ಉಳಿಯುತ್ತದೆ, ಸಾಮಾನ್ಯವಾಗಿ ಎದುರುಬದುರು ಎರಡು ತುದಿಗೂ. ಬೆರಳಿನ ತುದಿಗೆ ತಾಗುತ್ತದೆ, ಉಜ್ಜಿ ನಯ ಮಾಡಿದ್ದರೂ ಕಣ್ಣಿಗೆ ಕಾಣುತ್ತದೆ. ಗಡಿಯಾರ ರಿಪೇರಿ ಮಾಡುವವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಆ ಭೂತಗನ್ನಡಿ ಒಂದು ಸಂಪಾದಿಸು. ಅದಿಲ್ಲದೆ ಹಳೇ ಗೋಲಿಯ ಬಗ್ಗೆ ಬಾಯಿ ತೆರೆಯಬೇಡ.

ಆಮೇಲೆ ಯಂತ್ರ ಬಂತು. ಅಮೆರಿಕದ ಓಹಾಯೊ ರಾಜ್ಯದ ಆ್ಯಕ್ರನ್ ಊರಿನಲ್ಲಿ ಮಾರ್ಟಿನ್ ಫ್ರೆಡೆರಿಕ್ ಕ್ರಿಸ್ಟೆನ್‌ಸೆನ್ ಎಂಬ ಡೆನ್ಮಾರ್ಕ್ ಮೂಲದವನಿದ್ದ. ಬೇರಿಂಗಿಗೆ ಉಕ್ಕಿನ ಗುಂಡು ಮಾಡುವ ಯಂತ್ರ ಅವನ ಕೈಯದೇ. ಆ ಜಾಣ್ಮೆಯನ್ನು ಗಾಜಿಗೆ ತಿರುಗಿಸಿ ಗೋಲಿ ಯಂತ್ರ ಮಾಡಿದ. 1905ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಕಾದ ಗಾಜಿನ ಮುದ್ದೆ ಹರಿಗಾಲುವೆಯಂಥ ಗೀರುಳ್ಳ ಚಕ್ರಗಳ ನಡುವೆ ಉರುಳುರುಳಿ ದುಂಡಗಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಶುರುವಾಗಿ ಜರ್ಮನಿಯ ಸರಕು ನಿಂತಮೇಲೆ ಅಮೆರಿಕದ ಯಂತ್ರಗಳಿಗೆ ಸುಗ್ಗಿ. ಎರಡನೇ ಯುದ್ಧ ಮುಗಿದ ಮೇಲೆ, 1950ರ ಆಸುಪಾಸಿನಲ್ಲಿ, ಜಪಾನಿನವರು ತಿಳಿಗಾಜಿನ ನಡುವೆ ಬಣ್ಣದ ಎಸಳುಗಳಿರುವ ಗೋಲಿಯನ್ನು ಜಗತ್ತಿಗೆಲ್ಲ ಹರಡಿದರು. ಅವರು ಅದಕ್ಕೆ ಬೆಕ್ಕಿನ ಕಣ್ಣು ಎಂದರು, ನಾವು ಹೂವಿನ ಗೋಲಿ ಎಂದೆವು. ನಿನ್ನ ಡಬ್ಬಿಯಲ್ಲಿ ಅರ್ಧಕ್ಕೂ ಮಿಕ್ಕಿ ಇರುವುದು ಇವೇ. ಆದ್ದರಿಂದ ಒಳಗೆ ಎಸಳಿದ್ದ ಗೋಲಿಯನ್ನು ಯಾರಾದರೂ ‘ಬ್ರಿಟಿಷರ ಕಾಲದ್ದು’ ಎಂದು ಮಾರಲು ಬಂದರೆ ನಕ್ಕು, ಚಹಾ ಕುಡಿಸಿ ಕಳಿಸು.

ಬಿಳಿ ಹಾಲುಗಾಜಿನ ಮೇಲೆ ಬಣ್ಣ ಹರಿದಾಡಿದ ನಾಲ್ಕಾರು ಗೋಲಿ ಕಾಣುತ್ತಿವೆ. ಅವೂ ಯಂತ್ರದವೇ. ಹಸಿರು ಛಾಯೆಯ, ಒಳಗೆ ಏನೂ ಇಲ್ಲದ, ಸಣ್ಣ ಗುಳ್ಳೆಗಳಿರುವ ಗೋಲಿ ಒಂದು ಹಿಡಿಯಷ್ಟಿವೆ ನೋಡು, ನೀನು ಫೋಟೊದಲ್ಲಿ ಮೂಲೆಗೆ ಸರಿಸಿದ್ದೀಯಲ್ಲ, ನನ್ನ ಕಣ್ಣು ನಿಂತದ್ದು ಅವುಗಳ ಮೇಲೆ.

ಅವು ಸೋಡಾ ಗೋಲಿಗಳು.

ಇಂಗ್ಲೆಂಡಿನ ಹೈರಮ್ ಕಾಡ್ ಎಂಬ ಎಂಜಿನಿಯರ್ 1872ರಲ್ಲಿ ಗೋಲಿಯನ್ನೇ ಬಿರಡೆ ಮಾಡಿದ ಬಾಟಲಿಗೆ ಪೇಟೆಂಟ್ ಪಡೆದ. ಗ್ಯಾಸು ತುಂಬಿದ ನೀರಿಗೆ ಬೂಚು ನಿಲ್ಲದೆ ಹಾರಿಹೋಗುವ ಕಾಲ ಅದು. ಕಾಡ್ ಯೋಚಿಸಿದ ಉಪಾಯದಲ್ಲಿ ಗ್ಯಾಸಿನ ಒತ್ತಡವೇ ಬಾಯಿ ಮುಚ್ಚುತ್ತದೆ. ಬಾಟಲಿಯನ್ನು ತಲೆಕೆಳಗು ಮಾಡಿ ತುಂಬುತ್ತಾರೆ, ಗೋಲಿ ಬಾಯಿಯ ಕಡೆ ಉರುಳುತ್ತದೆ, ಒಳಗಿನ ಒತ್ತಡ ಅದನ್ನು ರಬ್ಬರಿನ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಕುಡಿಯುವಾಗ ಮೇಲಿನಿಂದ ಗುದ್ದಿ ಗೋಲಿಯನ್ನು ಕೆಳಗೆ ತಳ್ಳಬೇಕು. ಕುತ್ತಿಗೆಯಲ್ಲಿ ಎರಡು ಗುಳಿ ಇರುತ್ತವೆ. ಬಗ್ಗಿಸುವಾಗ ಆ ಗುಳಿಗಳು ಕೆಳಮುಖವಾಗಿರುವಂತೆ ಹಿಡಿದರೆ ಗೋಲಿ ಅಲ್ಲೇ ತಡೆದು ನಿಲ್ಲುತ್ತದೆ, ಇಲ್ಲದಿದ್ದರೆ ವಾಪಸ್ ಬಾಯಿಗೆ ಬಂದು ಕೂರುತ್ತದೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಲ್ಲಿ ಮೊದಲ ಸಲ ಸೋಡಾ ಕುಡಿದ ಹಳ್ಳಿಯ ಮಂದಿ ಬಾಟಲಿ ಅಲುಗಾಡಿಸುತ್ತಾ ಪರದಾಡುವುದನ್ನು ಅಂಗಡಿಯವರು ನೋಡಿ ನಗುತ್ತಿದ್ದರು. ಸೋಡಾದವನು ಮಾತ್ರ ಕಣ್ಣು ಮುಚ್ಚಿಯೂ ಗುಳಿ ಯಾವ ಕಡೆ ಎಂದು ಬೆರಳಲ್ಲೇ ತಿಳಿಯಬಲ್ಲ.

ಆ ಗೋಲಿ ಬಾಟಲಿಯ ಒಳಗೆ ಹೋಗುವುದಾದರೂ ಹೇಗೆ? ಬಾಟಲಿ ಮಾಡುವಾಗ ಬಾಯಿ ಅಗಲವಾಗಿಯೇ ಇರುತ್ತದೆ. ಗೋಲಿ ಹಾಕಿದ ಮೇಲೆ ಬಾಯಿಯನ್ನು ಮತ್ತೆ ಕಾಯಿಸಿ, ಕಿರಿದು ಮಾಡಿ, ರಬ್ಬರ್ ಕೂರಲು ಒಳಗೆ ಕಾಲುವೆ ತೆಗೆಯುತ್ತಾರೆ. ಆಮೇಲೆ ಬಾಟಲಿ ಒಡೆಯದೆ ಗೋಲಿ ಹೊರಬರುವುದು ಸಾಧ್ಯವಿಲ್ಲ. ಹಾಗಾದರೆ ನಿಮ್ಮಜ್ಜನ ಡಬ್ಬಿಯ ಪ್ರತಿಯೊಂದು ಸೋಡಾ ಗೋಲಿಯ ಹಿಂದೆ ಒಂದು ಒಡೆದ ಬಾಟಲಿ ಇದೆ. ಒಡೆದದ್ದು ಯಾರು, ಯಾವ ಅಂಗಡಿಯ ಹಿಂದೆ, ಬೈಸಿಕೊಂಡರೋ ಇಲ್ಲವೋ, ಅದು ನಿನಗೆ ಬೇಕಾದ ಸಂಗತಿ. ಹಸಿರು ಛಾಯೆ ಬರುವುದು ಮರಳಿನಲ್ಲಿರುವ ಕಬ್ಬಿಣದ ಅಂಶದಿಂದ. ಮರಳು ಎಷ್ಟು ಸೋಸಿದ್ದು ಎಂಬುದರ ಮೇಲೆ ಬಣ್ಣ ಹೆಚ್ಚುಕಡಿಮೆ ಆಗುತ್ತದೆ. ಹತ್ತು ಸೋಡಾ ಗೋಲಿಗಳನ್ನು ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟರೆ ಅವು ಒಂದೇ ಭಟ್ಟಿಯ ಮಾಲೋ ಬೇರೆಬೇರೆಯವೋ ಕಣ್ಣಿಗೇ ಗೊತ್ತಾಗುತ್ತದೆ.

ನನ್ನ ಮಾತು ಕೇಳುವುದಾದರೆ ಜರ್ಮನಿಯ ಗೋಲಿಯ ಕನಸು ಬಿಟ್ಟು ಇದನ್ನೇ ಕೂಡಿಸು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಊರಿನ ಸುತ್ತಲಿನ ಸೋಡಾ ಗೋಲಿ, ಸಿಕ್ಕರೆ ಬಾಟಲಿ, ಬಾಟಲಿಯ ಮೈಮೇಲೆ ಅಕ್ಷರ ಎದ್ದಿದ್ದರೆ ಅದರ ಫೋಟೊ, ತುಂಬುವ ಯಂತ್ರದ ಚಿತ್ರ, ಬಾಟಲಿ ಇಡುವ ಕಟ್ಟಿಗೆಯ ಪೆಟ್ಟಿಗೆ. ಲೌಶಾದ ಗೋಲಿಗಳ ಮೇಲೆ ಇಂಗ್ಲಿಷಿನಲ್ಲಿ, ಜರ್ಮನಿನಲ್ಲಿ ದಪ್ಪ ದಪ್ಪ ಪುಸ್ತಕಗಳಿವೆ. ಯಲಬುರ್ಗಾದ ಸೋಡಾ ಗೋಲಿಯ ಮೇಲೆ ಬರೆಯಬೇಕಾದವನು ನೀನೇ.

ನೋಟ್‌ಬುಕ್ಕಿನ ವಿಷಯಕ್ಕೆ ಬರುತ್ತೇನೆ. ಪ್ರತಿ ಗೋಲಿಗೂ ಒಂದು ನಂಬರು. ಗೋಲಿಯ ಮೇಲೆ ಬರೆಯಬೇಡ, ಚೀಟಿ ಕಟ್ಟಬೇಡ, ಅಂಟು ಹಚ್ಚಬೇಡ. ಸಣ್ಣ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಗೋಲಿಯ ಜೊತೆ ನಂಬರಿನ ಚೀಟಿ ಇಡು. ಅಳತೆಯನ್ನು ವರ್ನಿಯರ್‌ನಲ್ಲಿ ಮಿಲಿಮೀಟರ್ ಲೆಕ್ಕದಲ್ಲಿ ತೆಗೆ. ತೂಕಕ್ಕೆ ಪರಿಚಯದ ಅಕ್ಕಸಾಲಿಗರ ತಕ್ಕಡಿ ಸಾಕು. 16 ಮಿಲಿಮೀಟರಿನ ಗಾಜಿನ ಗೋಲಿ ಸುಮಾರು 5 ಗ್ರಾಂ ತೂಗುತ್ತದೆ, ಅದೇ ಅಳತೆಯ ಪ್ಲಾಸ್ಟಿಕ್ ಗುಂಡು ಅದರ ಅರ್ಧ, ಬೇರಿಂಗಿನ ಉಕ್ಕಿನ ಗುಂಡಾದರೆ 17 ಗ್ರಾಮಿನ ಹತ್ತಿರ. ಈ ಲೆಕ್ಕ ಬಾಯಿಪಾಠ ಇದ್ದರೆ ಗಾಜೆಂದು ಹೇಳಿ ಬೇರೆ ಏನನ್ನೋ ಮಾರುವವರ ಆಟ ನಡೆಯುವುದಿಲ್ಲ. ಬಣ್ಣ, ಗುಳ್ಳೆ, ಪೆಟ್ಟು ಎಲ್ಲಿದೆ ಎಂದು ಬರೆ. ಆಡಿದ ಗೋಲಿಗೆ ಇನ್ನೊಂದು ಗೋಲಿ ತಾಗಿದ ಕಡೆ ಒಳಗೆ ಅರ್ಧಚಂದ್ರದ ಆಕಾರದ ಬಿರುಕು ಏಳುತ್ತದೆ. ಎಷ್ಟು ಚಂದ್ರ ಇವೆ ಎಣಿಸಿ ಬರೆ.

ಇಷ್ಟು ಬರೆದದ್ದು ಗೋಲಿಯ ಮೈ. ಉಳಿದರ್ಧ ಪುಟ ಮನುಷ್ಯರಿಗೆ ಮೀಸಲು. ಯಾರ ಮನೆಯದು, ಯಾವ ಓಣಿ, ಅವರಿಗೆ ಯಾರಿಂದ ಬಂತು, ಅಂದಾಜು ಯಾವ ವರ್ಷ. ವರ್ಷ ನೆನಪಿಲ್ಲ ಅನ್ನುತ್ತಾರೆ, ಅಲ್ಲಿಗೆ ಬಿಡಬೇಡ. ‘ಅಜ್ಜಾ, ಪೋಲಿಸ್ ಆಕ್ಷನ್ ಆದಾಗ ನಿಮಗ ಎಷ್ಟು ವರ್ಷ? ಅದಕ್ಕೂ ಮುಂಚೆ ಆಡಿದ್ದೋ ಆಮ್ಯಾಲೋ?’ ಎಂದು ಕೇಳು. ‘ತುಂಗಭದ್ರಾ ಡ್ಯಾಮ್ ಕಟ್ಟೋ ಮುಂದ ಈ ಅಂಗಡಿ ಇತ್ತೇನ್ರಿ?’ ಎಂದು ಕೇಳು. 1948, 1953 ಎಂದು ಇಸವಿ ಕೇಳಿದರೆ ತಲೆ ಕೆರೆದುಕೊಳ್ಳುವ ಹಿರಿಯರು, ಬರ ಬಿದ್ದ ವರ್ಷ, ಮದುವೆಯಾದ ವರ್ಷ, ಊರಿಗೆ ಕರೆಂಟು ಬಂದ ವರ್ಷ ಎಂದು ಕೇಳಿದರೆ ಖಚಿತವಾಗಿ ಹೇಳುತ್ತಾರೆ. ನೀನು ಆಮೇಲೆ ಇಸವಿಗೆ ಇಳಿಸಿಕೋ. ಹೇಳಿದವರ ಒಪ್ಪಿಗೆ ಇದ್ದರೆ ಮಾತ್ರ ಹೆಸರು ಬರೆ, ಇಲ್ಲದಿದ್ದರೆ ಓಣಿಯ ಹೆಸರು ಸಾಕು.

ಗೋಲಿಯ ಜೊತೆ ಆಟವನ್ನೂ ಬರೆದುಕೋ. ಕುಣಿ ತೋಡಿ ಆಡುವುದು, ಗೆರೆಯಿಂದ ಎಸೆಯುವುದು, ಮಧ್ಯದ ಬೆರಳನ್ನು ಹಿಂದಕ್ಕೆ ಬಾಗಿಸಿ ಹೊಡೆಯುವುದು, ಸೋತವನು ಮೊಣಕೈಯಿಂದ ಗೋಲಿ ತಳ್ಳಿಕೊಂಡು ಕುಣಿ ಮುಟ್ಟಿಸುವ ಶಿಕ್ಷೆ, ಇವೆಲ್ಲ ನಮಗೆ ಗೊತ್ತು, ನಿನ್ನ ಓರಗೆಯವರಿಗೆ ಗೊತ್ತಿಲ್ಲ. ಒಂದು ಊರಿನ ಕಟ್ಟಳೆ ಪಕ್ಕದ ಊರಿನಲ್ಲಿ ನಡೆಯುವುದಿಲ್ಲ. ಜಗಳಕ್ಕೆ ಅದೇ ಮೂಲ. ಇಂಗ್ಲೆಂಡಿನ ಟಿನ್ಸ್‌ಲಿ ಗ್ರೀನ್ ಎಂಬ ಹಳ್ಳಿಯಲ್ಲಿ 1932ರಿಂದ ಗುಡ್‌ಫ್ರೈಡೇ ದಿನ ಗೋಲಿಯ ಪಂದ್ಯ ನಡೆಯುತ್ತದೆ. ವೃತ್ತದ ಅಗಲ ಆರು ಅಡಿ, ನಡುವೆ 49 ಗೋಲಿ. ಅದನ್ನು ಜಾಗತಿಕ ಪಂದ್ಯ ಎಂದೇ ಕರೆದುಕೊಳ್ಳುತ್ತಾರೆ. ಅವರಿಗಿಂತ ಚೆನ್ನಾಗಿ ಗುರಿ ಇಡುವವರು ಬೇವೂರಿನಲ್ಲೂ ಇದ್ದರು, ಮುಧೋಳದಲ್ಲೂ ಇದ್ದರು. ವ್ಯತ್ಯಾಸ ಇಷ್ಟೇ, ಇಂಗ್ಲೆಂಡಿನವರು ನಿಯಮ ಬರೆದಿಟ್ಟರು.

ಬರೆದಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಆನ್ ಫ್ರಾಂಕ್ ಹೆಸರು ನೀನು ಕೇಳಿದ್ದೀಯ. 1942ರಲ್ಲಿ ಆ್ಯಮ್‌ಸ್ಟರ್‌ಡ್ಯಾಮಿನಲ್ಲಿ ಹಿಟ್ಲರನ ಮಂದಿಗೆ ಹೆದರಿ ಆ ಕುಟುಂಬ ತಲೆಮರೆಸಿಕೊಳ್ಳುವ ಮೊದಲು, ಆ ಹುಡುಗಿ ತನ್ನ ಗೋಲಿಗಳ ಡಬ್ಬಿಯನ್ನು ನೆರೆಮನೆಯ ಗೆಳತಿ ಟೂಸ್ಯೆ ಕೂಪರ್ಸ್ ಎಂಬವಳ ಕೈಗೆ ಕೊಟ್ಟಳು. ಆ ಗೆಳತಿ ಎಪ್ಪತ್ತು ವರ್ಷ ಜೋಪಾನ ಮಾಡಿದಳು. 2014ರಲ್ಲಿ ರಾಟರ್‌ಡ್ಯಾಮಿನಲ್ಲಿ ಆ ಗೋಲಿಗಳನ್ನು ಪ್ರದರ್ಶನಕ್ಕೆ ಇಟ್ಟರು. ಅಂಥವೇ ಗೋಲಿ ಆ ದೇಶದ ಸಾವಿರಾರು ಮಕ್ಕಳ ಕಿಸೆಯಲ್ಲಿ ಇದ್ದಿರಬೇಕು. ಇವು ಯಾರವು, ಯಾರು ಕೊಟ್ಟರು, ಯಾರು ಇಟ್ಟುಕೊಂಡರು ಎಂಬುದು ಕೈತಪ್ಪದೆ ಉಳಿದದ್ದರಿಂದ ಅವಕ್ಕೆ ಪ್ರದರ್ಶನದಲ್ಲಿ ಜಾಗ ಸಿಕ್ಕಿತು. ನಡುವೆ ಎಂದಾದರೂ ಯಾರೋ ಆ ಡಬ್ಬಿಯನ್ನು ಗುಜರಿಗೆ ಹಾಕಿದ್ದರೆ ಅದು ಬರೀ ಗಾಜು.

ಸಂಗ್ರಹ ಎಂದರೆ ನಮ್ಮ ಸೀಮೆಯವರಿಗೆ ಇನ್ನೊಂದು ನಂಟಿದೆ, ಅದನ್ನು ನಮ್ಮವರು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ನಿಜಾಮನ ಕಾಲದಲ್ಲಿ ಕೊಪ್ಪಳ, ಯಲಬುರ್ಗಾ ಎರಡೂ ಸಾಲಾರ್‌ಜಂಗ್ ಮನೆತನದ ಜಹಗೀರು. ಆ ಮನೆತನದ ಮೂರನೆಯ ಸಾಲಾರ್‌ಜಂಗ್, ಮೀರ್ ಯೂಸುಫ್ ಅಲಿ ಖಾನ್, ಹೈದರಾಬಾದಿನ ದಿವಾನಗಿರಿ ಬಿಟ್ಟ ಮೇಲೆ ಜೀವನಪೂರ್ತಿ ವಸ್ತು ಕೂಡಿಸುವುದರಲ್ಲೇ ಕಳೆದ. ಯುರೋಪಿನಿಂದ ಗಾಜು, ಪಿಂಗಾಣಿ, ಗಡಿಯಾರ, ಅಮೃತಶಿಲೆಯ ಮೂರ್ತಿಗಳು ಹಡಗು ಹತ್ತಿ ಬಂದವು. ಮದುವೆಯಾಗದೆ 1949ರಲ್ಲಿ ತೀರಿಕೊಂಡ. 1951ರ ಡಿಸೆಂಬರಿನಲ್ಲಿ ನೆಹರೂ ಆ ಸಂಗ್ರಹವನ್ನು ಮ್ಯೂಸಿಯಂ ಆಗಿ ತೆರೆದರು. 1961ರಲ್ಲಿ ಪಾರ್ಲಿಮೆಂಟು ಅದನ್ನು ರಾಷ್ಟ್ರೀಯ ಮಹತ್ವದ ಸಂಸ್ಥೆ ಎಂದು ಘೋಷಿಸಿತು. ಮುಸುಕು ಹೊದ್ದ ರೆಬೆಕ್ಕಳ ಮೂರ್ತಿಯ ಮುಂದೆ ನಿಂತು ಎಲ್ಲರೂ ಬೆರಗಾಗುತ್ತಾರೆ. ನಮ್ಮ ಎರಿ ಹೊಲದಲ್ಲಿ ಬಿಳಿಜೋಳ, ಹತ್ತಿ ಬೆಳೆದವರು ಕಟ್ಟಿದ ತೀರ್ವೆಯೂ ಆ ಸಂಪತ್ತಿನೊಳಗೆ ಸೇರಿದೆ ಎಂಬುದು ಅಲ್ಲಿನ ಯಾವ ಫಲಕವನ್ನೂ ಓದದೆ ನಮಗೆ ಗೊತ್ತಿರಬೇಕು. ನೀನು ಹೈದರಾಬಾದಿಗೆ ಹೋದರೆ ಗಾಜಿನ ವಿಭಾಗದಲ್ಲಿ ಅರ್ಧ ದಿನ ನಿಲ್ಲು. ಗಾಜನ್ನು ಹೇಗೆ ಇಡುತ್ತಾರೆ, ಬೆಳಕು ಎಲ್ಲಿಂದ ಬಿಡುತ್ತಾರೆ ಎಂದು ಕಲಿ. ಆದರೆ ಕಂಡದ್ದನ್ನೆಲ್ಲ ಕೊಳ್ಳುವ ನವಾಬನ ದಾರಿ ನಮ್ಮದಲ್ಲ. ಅದಕ್ಕೆ ಒಂದು ಜಹಗೀರು ಬೇಕಾಗುತ್ತದೆ.

ನಿನಗೆ ಗುರು ಬೇಕಾದರೆ ಎಚ್.ಎಲ್. ನಾಗೇಗೌಡರ ಕೆಲಸ ನೋಡು. ರಾಮನಗರದ ಬಳಿ 1994ರಲ್ಲಿ ತೆರೆದ ಜಾನಪದ ಲೋಕ ಅವರು ಕಟ್ಟಿದ್ದು. ಒಕ್ಕಲುತನದ ಸಾಮಾನು, ಅಡುಗೆಮನೆಯ ಪಾತ್ರೆ, ಆಟದ ಮಣೆ, ಬುಟ್ಟಿ, ಮೀನಿನ ಕೂಳಿ, ಜನ ತಿಪ್ಪೆಗೆ ಎಸೆಯುತ್ತಿದ್ದ ಇಂಥವನ್ನು ತಂದು, ಏನು, ಎಲ್ಲಿಯದು ಎಂದು ಬರೆದು ಇಟ್ಟರು. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು ಚೌಕಾಬಾರ, ಅಳಿಗುಳಿಮಣೆ, ಹುಲಿ–ಕುರಿ ಆಟಗಳಿಗೆ ಇದೇ ಬಗೆಯ ಸೇವೆ ಮಾಡಿದ್ದಾರೆ. ಅವರ ‘ಕ್ರೀಡಾ ಕೌಶಲ್ಯ’ ಪ್ರದರ್ಶನ ನಡೆಯುವಾಗ ಮೈಸೂರಿನಲ್ಲಿದ್ದರೆ ತಪ್ಪಿಸಬೇಡ.

ಇನ್ನು ಮಾಡಬಾರದ ಕೆಲವು. ಗೋಲಿಗೆ ಪಾಲಿಶ್ ಮಾಡಿಸಬೇಡ. ಗೀರು ಹೋಗಿ ಫಳಫಳ ಹೊಳೆಯುತ್ತದೆ ನಿಜ, ಅದರ ಜೊತೆ ಕತ್ತರಿಸಿದ ಕಲೆಯೂ ಮೇಲಿನ ಪದರವೂ ಹೋಗುತ್ತವೆ. ಹಳೇದೆಂದು ತೋರಿಸಲು ಇದ್ದ ಒಂದೇ ಸಾಕ್ಷಿಯನ್ನು ನೀನೇ ಅಳಿಸಿದಂತೆ. ಉಗುರುಬೆಚ್ಚಗಿನ ನೀರು, ಚೂರು ಸಾಬೂನು, ಮೆತ್ತನೆ ಅರಿವೆ ಸಾಕು. ಕುದಿಯುವ ನೀರಿಗೆ ಹಾಕಿದರೆ ಸೀಳಬಹುದು. ಕಬ್ಬಿಣದ ಗುಂಡು, ಗಾಜಿನ ಗೋಲಿ ಒಟ್ಟಿಗೆ ಒಂದೇ ಡಬ್ಬಿಯಲ್ಲಿ ಹಾಕಿದ್ದೀಯ, ಇವತ್ತೇ ಬೇರೆ ಮಾಡು. ಮನೆಯಲ್ಲಿ ಅಂಬೆಗಾಲಿಡುವ ಕೂಸಿದ್ದರೆ ಡಬ್ಬಿ ಬೀಗದೊಳಗಿರಲಿ. ಗಂಟಲಿಗೆ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ.

ಕಿಟಕಿಯ ಬಿಸಿಲಿಗೆ ಗೋಲಿ ಸಾಲಾಗಿ ಇಟ್ಟು ಫೋಟೊ ತೆಗೆದಿದ್ದೀಯ. ಚೆನ್ನಾಗಿ ಕಾಣುತ್ತದೆ, ಆದರೆ ಹಾಗೇ ಬಿಟ್ಟು ಹೋಗಬೇಡ. ದುಂಡನೆಯ ಗಾಜು ಮಸೂರವೇ. ಅದರ ಬೆಳಕು ಕೂಡುವ ಬಿಂದು ಗೋಲಿಯ ಮೈಗೆ ತೀರಾ ಹತ್ತಿರ, ತ್ರಿಜ್ಯದ ಅರ್ಧದಷ್ಟು ಆಚೆ ಬೀಳುತ್ತದೆ. ಹವಾಮಾನ ಕೇಂದ್ರಗಳಲ್ಲಿ ದಿನಕ್ಕೆ ಎಷ್ಟು ತಾಸು ಬಿಸಿಲು ಬಿತ್ತು ಎಂದು ಅಳೆಯಲು ಇದೇ ಉಪಾಯ ಬಳಸುತ್ತಾರೆ. ಸುಮಾರು 10 ಸೆಂಟಿಮೀಟರಿನ ಗಾಜಿನ ಗುಂಡು, ಅದರ ಹಿಂದೆ ಒಂದು ಕಾಗದದ ಪಟ್ಟಿ. ಸೂರ್ಯ ಸರಿದಂತೆ ಪಟ್ಟಿಯ ಮೇಲೆ ಸುಟ್ಟ ಗೆರೆ ಮೂಡುತ್ತದೆ. ಕ್ಯಾಂಪ್‌ಬೆಲ್ ಎಂಬವನು 1853ರಲ್ಲಿ ಮಾಡಿದ್ದನ್ನು ಸ್ಟೋಕ್ಸ್ ಎಂಬ ವಿಜ್ಞಾನಿ 1879ರಲ್ಲಿ ತಿದ್ದಿದ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ದೊಡ್ಡ ಗೋಲಿಯೊಂದು ಹತ್ತಿಯ ಮೇಲೋ ಕಪ್ಪು ಬಟ್ಟೆಯ ಮೇಲೋ ಕೂತರೆ ಹೊಗೆ ಎದ್ದೀತು.

ನೋಟು ನೋಡುವ ಅಲ್ಟ್ರಾವೈಲೆಟ್ ಬ್ಯಾಟರಿ ಒಂದಿದ್ದರೆ ಕತ್ತಲಲ್ಲಿ ಗೋಲಿಯ ಮೇಲೆ ಬಿಟ್ಟು ನೋಡು. ಕೆಲವು ಹಳದಿ–ಹಸಿರು ಗಾಜು ಢಾಳಾಗಿ ಹಸಿರು ಹೊಳೆಯುತ್ತವೆ. ಅದರಲ್ಲಿ ಯುರೇನಿಯಂ ಅಂಶ ಇರುತ್ತದೆ. ನೋಡಲು ಸೊಗಸು. ಆದರೆ ಹೊಳೆದ ಮಾತ್ರಕ್ಕೆ ಹಳೇದಲ್ಲ, ಅಂಥ ಗಾಜನ್ನು ಇವತ್ತಿಗೂ ಮಾಡುತ್ತಾರೆ.

ಕೊಳ್ಳುವಾಗ ಮಾರುವವನ ಫೋಟೊ ನಂಬಬೇಡ. ಗೋಲಿಗೆ ಎಣ್ಣೆ ಸವರಿದರೆ, ನೀರಲ್ಲಿ ಅದ್ದಿ ತೆಗೆದರೆ ಗೀರು ಕಾಣುವುದಿಲ್ಲ. ‘ಒರೆಸಿ ತೋರಿಸ್ರಿ’ ಎನ್ನು. ಈಗಲೂ ಕೈಯಿಂದ ಗೋಲಿ ಮಾಡುವ ಕುಶಲಿಗಳು ಬೇರೆ ದೇಶಗಳಲ್ಲಿ ಇದ್ದಾರೆ, ಅವರ ಗೋಲಿಗೂ ತುದಿಯಲ್ಲಿ ಕಲೆ ಇರುತ್ತದೆ. ಅದನ್ನು ನೂರು ವರ್ಷದ್ದೆಂದು ಮಾರುವವರೂ ಇದ್ದಾರೆ. ಹಳೇ ಐದು ರೂಪಾಯಿ ನೋಟಿಗೆ ಲಕ್ಷ ಕೊಡುತ್ತೇವೆ, ಮೊದಲು ತೆರಿಗೆ ಕಟ್ಟಿ ಎನ್ನುವ ಮೋಸ ನಿನಗೆ ಗೊತ್ತಿರಬಹುದು. 2021ರಲ್ಲಿ ರಿಸರ್ವ್ ಬ್ಯಾಂಕೇ ತನ್ನ ಹೆಸರು ಹೇಳಿ ಹಳೇ ನೋಟು, ನಾಣ್ಯಕ್ಕೆ ಹಣ ಕೀಳುವವರನ್ನು ನಂಬಬೇಡಿ ಎಂದು ಪ್ರಕಟಣೆ ಕೊಟ್ಟಿತು. ಗೋಲಿಗೂ ಅದೇ ಬಲೆ ಬೀಸುತ್ತಾರೆ. ಲಕ್ಷ ಕೊಡುತ್ತೇನೆ ಎಂದವನು ನಿನ್ನಿಂದ ಸಾವಿರ ಕೇಳಿದ ತಕ್ಷಣ ಫೋನ್ ಇಡು. ಹಣ ಹೋಗಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡು.

ಕಾನೂನಿನ ಮಾತು ಒಂದಿದೆ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಸ್ತು ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ದೇಶದಾಚೆ ಕಳಿಸುವ ಹಾಗಿಲ್ಲ. ನಿಜವಾಗಿ ಹಳೆಯ ಗೋಲಿ ನಿನ್ನ ಕೈಗೆ ಬಂದರೆ, ವಿದೇಶದ ಗಿರಾಕಿ ಎಷ್ಟೇ ಕೊಡುತ್ತೇನೆಂದರೂ ಪಾರ್ಸೆಲ್ ಮಾಡಬೇಡ. ಅದಕ್ಕಿಂತ ಮುಖ್ಯವಾದದ್ದು, ಗೋಲಿಯ ಹುಚ್ಚು ಹತ್ತಿದವರು ಮಣಿಯ ಹುಚ್ಚಿಗೂ ಬೀಳುತ್ತಾರೆ. ನಮ್ಮ ಕಡೆ ಹಾಳೂರಿನ ದಿಬ್ಬಗಳಲ್ಲಿ ಮಳೆ ಬಿದ್ದ ಮೇಲೆ ಗಾಜಿನ, ಕಲ್ಲಿನ ಮಣಿ ಮೇಲೆದ್ದು ಬರುತ್ತವೆ. ಹಿರೇಬೆಣಕಲ್ಲಿನ ಶಿಲಾಗೋರಿಗಳ ನೆಲವನ್ನಂತೂ ಕೆದಕಲೇಬೇಡ. ಮಣ್ಣಿನಿಂದ ಕಿತ್ತ ಮಣಿ ತನ್ನ ಇಡೀ ಕಥೆಯನ್ನು ಮಣ್ಣಲ್ಲೇ ಬಿಟ್ಟು ಬರುತ್ತದೆ. ಕಂಡರೆ ಜಾಗ ಗುರುತಿಟ್ಟು ಪುರಾತತ್ವ ಇಲಾಖೆಗೆ ತಿಳಿಸು.

ಜನರ ಜೊತೆಗಿನ ನಡತೆ ಬಗ್ಗೆ ಇನ್ನೊಂದು ಮಾತು. ಯಾವುದೋ ಅವ್ವ ಅರಿಷಿಣ ಕುಂಕುಮದ ಪೆಟ್ಟಿಗೆಯಿಂದ ಒಂದು ಗೋಲಿ ತೆಗೆದು ತೋರಿಸುತ್ತಾಳೆ. ನಿನಗೆ ಅದು ಬೆಲೆಬಾಳುವಂಥದ್ದು ಅನ್ನಿಸಿದರೆ ಅವಳಿಗೂ ಅದನ್ನು ಹೇಳು. ಹೇಳದೆ ಹತ್ತು ರೂಪಾಯಿ ಕೊಟ್ಟು ಎತ್ತಿಕೊಂಡು ಬರುವವರನ್ನು ಕಂಡಿದ್ದೇನೆ, ಆ ಜಾತಿಗೆ ನೀನು ಸೇರಬೇಡ. ಕೊಡಲು ಮನಸ್ಸಿಲ್ಲ ಎಂದರೆ ಫೋಟೊ ತೆಗೆದುಕೊಂಡು, ಅವಳ ಮಾತು ಬರೆದುಕೊಂಡು, ಕೊಟ್ಟ ಚಹಾ ಕುಡಿದು ಬಾ. ಗೋಲಿ ಅವಳ ಪೆಟ್ಟಿಗೆಯಲ್ಲಿದ್ದರೂ ಪುಟ ನಿನ್ನ ನೋಟ್‌ಬುಕ್ಕಿನಲ್ಲಿರುತ್ತದೆ. ಬೀದಿಯಲ್ಲಿ ಆಡುವ ಮಕ್ಕಳ ಕೈಯಿಂದ ಗೋಲಿ ಕೊಳ್ಳಬೇಡ. ಅವರು ಆಡಲಿ.

ಮಣ್ಣಿನ ಮಾಳಿಗೆಯ ಮನೆ ಕೆಡವುವ ಸುದ್ದಿ ಬಂದರೆ ಯಜಮಾನರಿಗೆ ಹೇಳಿ ಹೋಗು. ಗೋಡೆಯ ಗೂಡು, ಜಂತಿಯ ಸಂದು, ಕಟ್ಟೆಯ ಕೆಳಗಿನ ಬಿರುಕು, ಹುಡುಗರು ಗೆದ್ದ ಗೋಲಿ ಬಚ್ಚಿಡುತ್ತಿದ್ದದ್ದು ಇಲ್ಲೇ. ಸಂತೆಯ ದಿನ ಗುಜರಿಯವರ ಹತ್ತಿರ ಸ್ವಲ್ಪ ಹೊತ್ತು ಕೂರು. ಹಳೇ ಕಿರಾಣಿ ಅಂಗಡಿಗಳ ಅಟ್ಟದಲ್ಲಿ ಬಿಚ್ಚದ ಗೋಲಿ ಪೊಟ್ಟಣ ಸಿಕ್ಕರೆ, ಗೋಲಿಗಿಂತ ಮೊದಲು ಪೊಟ್ಟಣದ ಮೇಲಿನ ಚೀಟಿ ಕಾಪಾಡು. ಗೋಲಿಗೆ ಹೆಸರು ಕೊಡುವ ಕಾಗದ ಅದೊಂದೇ.

ಇದೆಲ್ಲ ನಿಧಾನವಾಗಿ ಮಾಡಿದರೂ ನಡೆದೀತು, ಒಂದು ಕೆಲಸ ಬಿಟ್ಟು. ಗೋಲಿ ಸೋಡಾ ಈಗ ದೊಡ್ಡ ಊರಿನ ಅಂಗಡಿಗಳಲ್ಲಿ ಬಣ್ಣದ ಚೀಟಿ ಹಚ್ಚಿಕೊಂಡು ಹೊಸದಾಗಿ ಬರುತ್ತಿದೆ, ಬರಲಿ. ಆದರೆ ಕೈಯಂತ್ರದಲ್ಲಿ ಬಾಟಲಿ ತಿರುಗಿಸಿ ಗ್ಯಾಸು ತುಂಬುತ್ತಿದ್ದ ನಮ್ಮ ಕಡೆಯ ಹಿರಿಯ ಸೋಡಾದವರಿಗೆ ವಯಸ್ಸಾಗಿದೆ, ಹಲವರು ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದಾರೆ. ಬಾಟಲಿ ಯಾವ ಊರಿನಿಂದ ಬರುತ್ತಿತ್ತು, ಚೀಲದಲ್ಲೋ ಪೆಟ್ಟಿಗೆಯಲ್ಲೋ, ರೈಲಿನಲ್ಲಿ ಯಾವ ಸ್ಟೇಷನ್ನಿಗೆ, ಒಡೆದ ಬಾಟಲಿಯ ಗೋಲಿ ಏನು ಮಾಡುತ್ತಿದ್ದರು, ಇದನ್ನೆಲ್ಲ ಬಲ್ಲವರು ಅವರು ಮಾತ್ರ. ಜರ್ಮನಿ, ಜಪಾನು ಕಾಯುತ್ತವೆ. ಈ ಭಾನುವಾರ ನೋಟ್‌ಬುಕ್ಕು ಹಿಡಿದು ಮೊದಲು ಅವರ ಮನೆಗೆ ಹೋಗು.